ಓಶೀನ್ ಅಂದ್ರೆ ಜಿಂಕೆಮರಿ, ಅತ್ತೆ

ಅತ್ತೆ, ನಮಸ್ಕಾರ. ಬೆಳಿಗ್ಗೆಯಿಂದ ಗ್ರೂಪ್‌ನಲ್ಲಿ ನಡೆದಿರೋ ರಾಮಾಯಣ ಎಲ್ಲ ಈಗ ಡ್ಯೂಟಿ ಮುಗಿಸಿ ಬಸ್‌ನಲ್ಲಿ ಕೂತು ಓದಿದೆ. ಟೈಪ್ ಮಾಡೋಕೆ ಕೈ ಸೋತಿದೆ, ಮಾತಲ್ಲೇ ಹೇಳ್ತೀನಿ. ಉದ್ದ ಆಗುತ್ತೆ, ಹೂ ಕಟ್ಟುತ್ತಾ ಕೇಳಿಸ್ಕೊಳ್ಳಿ.

ನೀವು ಕೇಳಿದ್ದು ಇಷ್ಟು. ಪುಟ್ಟಿ ಮಗನಿಗೆ ‘ಒಯ್ಸಿನ್’ ಅಂತ ಇಡ್ತಾರಂತೆ, ಕೇಳಿದ್ರೆ ಕೆಮ್ಮಿನ ಸಿರಪ್ ಹೆಸರಿದ್ದ ಹಾಗಿದೆ, ಅರ್ಥ ಇಲ್ಲ ಪರ್ಥ ಇಲ್ಲ, ಮಗು ಮೃಗಶಿರ ಎರಡನೇ ಪಾದ, ‘ವೊ’ ಅಕ್ಷರಕ್ಕೆ ಬರಬೇಕು. ಅದಕ್ಕೆ ಚಿಕ್ಕಪ್ಪ, ಅಳಿಯಂದಿರ ಕಡೆಯ ಹೆಸರೇ ಬೇಕಿದ್ರೆ ಶಾನ್ ಅಂತಿಡಿ, ಪಕ್ಕಾ ಐರಿಷ್, ನಾಲಿಗೆಗೂ ಸುಲಭ ಅಂದಿದ್ದಾರೆ. ಭಾವ ಎಲ್ಲಿಂದಲೋ ನೂರು ಹೆಸರಿನ ಪಟ್ಟಿ ಫಾರ್ವರ್ಡ್ ಮಾಡಿದ್ದಾರೆ, ಅದರಲ್ಲಿ ಅರ್ಧಕ್ಕರ್ಧ ಹೆಸರಿಗೆ ‘ಧೈರ್ಯಶಾಲಿ’ ಅಂತಲೇ ಅರ್ಥ. ಭಾವ, ಅದನ್ನ ಡಿಲೀಟ್ ಮಾಡಿಬಿಡಿ.

ಮೊದಲು ಉಚ್ಚಾರ. ಓ ಐ ಎಸ್ ಐ ಎನ್ ಅಂತ ಬರೆದಿದ್ರೂ ಅದು ಓಶೀನ್. ನಾವಿರೋ ಐರ್ಲೆಂಡಿನ ಕಾರ್ಕ್ ಕಡೆ ‘ಶೀ’ ಮೇಲೆ ಒತ್ತು ಹಾಕಿ ಅಶೀನ್ ಅಂತಲೂ ಅಂತಾರೆ. ನೀವು ತಪ್ಪು ಓದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ, ನನ್ನ ಮಾನ ಹೋಗಿದ್ದು ಇನ್ನೂ ಜಾಸ್ತಿ. ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದ ಮೊದಲನೇ ವಾರ, ಮಾತ್ರೆ ಟ್ರೇ ಹಿಡ್ಕೊಂಡು ಹೆಸರು ಕೂಗ್ತಿದ್ದೆ. ಒಂದು ಚೀಟಿ ಮೇಲೆ ಟಿ ಎ ಡಿ ಎಚ್ ಜಿ ಅಂತಿತ್ತು. ನಮಗೆ ಡಿ ಎಚ್ ಅಂದ್ರೆ ಧ ತಾನೇ? ‘ತಧ್ಗ್, ತಧ್ಗ್’ ಅಂತ ಎರಡು ಸಲ ಕೂಗಿದೆ, ಯಾರೂ ತಿರುಗಲಿಲ್ಲ. ಮೂರನೇ ಸಲಕ್ಕೆ ಕಿಟಕಿ ಪಕ್ಕ ಕೂತಿದ್ದ ಅಜ್ಜ ನಕ್ಕೂ ನಕ್ಕೂ ಕೆಮ್ಮು ಹತ್ತಿಸ್ಕೊಂಡ್ರು. ಆಮೇಲೆ, ‘ಟೈಗರ್ ಅನ್ನು ಮಗಳೇ, ಕೊನೆಯ ಅರ್ ನುಂಗಿಬಿಡು’ ಅಂದ್ರು. ಟೈಗ್! ಅರ್ಥ, ಕವಿ. ಆ ಅಜ್ಜನೇ ಆಮೇಲೆ ನನಗೆ ಮೇಷ್ಟ್ರಾದ್ರು. ಈಗ ನಾನು ಹೇಳೋದರಲ್ಲಿ ಮುಕ್ಕಾಲು ಅವರ ಪಾಠವೇ.

ಐರಿಷ್ ಭಾಷೆಯ ಹಳೇ ಅಕ್ಷರಮಾಲೆಯಲ್ಲಿ ಇರೋದೇ 18 ಅಕ್ಷರ, ಅತ್ತೆ. ಜೆ ಇಲ್ಲ, ಕೆ ಇಲ್ಲ, ವಿ ಇಲ್ಲ. ವ ಅಂತ ಬರೀಬೇಕಂದ್ರೆ ಬಿ ಎಚ್ಚೋ ಎಂ ಎಚ್ಚೋ ಹಾಕ್ತಾರೆ. ಮುಂಚೆ ಆ ಎಚ್ ಕೂಡ ಇರಲಿಲ್ಲ, ಅಕ್ಷರದ ನೆತ್ತಿ ಮೇಲೆ ಒಂದು ಚುಕ್ಕಿ ಇಡ್ತಿದ್ರಂತೆ. ಹಾಗಾಗಿ ನಮಗೆಲ್ಲ ಗೊತ್ತಿರೋ ಕೆವಿನ್ ಅನ್ನೋ ಹೆಸರನ್ನ ಅವರ ಭಾಷೆಯಲ್ಲಿ ಬರೆದ್ರೆ ಎಂಟು ಅಕ್ಷರ, ನಡುವೆ ಒಂದು ಎಂ ಎಚ್. ಚೆಲುವಾಗಿ ಹುಟ್ಟಿದವನು ಅಂತ ಅರ್ಥ. ಆ ಹೆಸರಿನ ಸಂತ ಗ್ಲೆಂಡಲಾಕ್ ಅನ್ನೋ ಕಣಿವೆಯಲ್ಲಿದ್ದ. ಗುಡಿಸಲು ಕಿರಿದು ಅಂತ ಕಿಟಕಿಯಿಂದ ಕೈ ಹೊರಗೆ ಚಾಚಿ ಜಪಕ್ಕೆ ಕೂತಾಗ ಒಂದು ಕಪ್ಪು ಹಕ್ಕಿ ಬಂದು ಅಂಗೈಯಲ್ಲೇ ಮೊಟ್ಟೆ ಇಟ್ಟಿತಂತೆ. ಮರಿ ಆಗೋವರೆಗೂ ಕೈ ಮಡಚಲಿಲ್ಲವಂತೆ ಮಹಾರಾಯ. ಇನ್ನು ಅಕ್ಷರದ ಮೇಲೆ ಒಂದು ಓರೆಗೆರೆ ಹಾಕ್ತಾರಲ್ಲ, ಅದು ನಮ್ಮ ದೀರ್ಘ ಇದ್ದ ಹಾಗೆ. ಬಿಟ್ಟರೆ ಬಾಳೆ ಹೋಗಿ ಬಳೆ ಆಗುತ್ತೆ. ಶಾನ್ ಹೆಸರಿಗೆ ಆ ಗೆರೆ ಮರೆತರೆ ‘ಮುದಿ’ ಅಂತ ಅರ್ಥ. ಚಿಕ್ಕಪ್ಪ, ನಿಮ್ಮ ಮೆಸೇಜಿನಲ್ಲಿ ಗೆರೆ ಇರಲಿಲ್ಲ, ಸುಮ್ಮನೆ ಹೇಳಿದೆ!

ಶಾನ್ ಪಕ್ಕಾ ಐರಿಷ್ ಅಂದ್ರಲ್ಲ, ಅದೇ ಅಲ್ಲ ನೋಡಿ. ಅದು ಮೂಲದಲ್ಲಿ ಹೀಬ್ರೂ ಹೆಸರು, ದೇವರು ಕರುಣಿಸಿದ ಅನ್ನೋ ಅರ್ಥ. ನಮ್ಮ ಕನ್ನಡ ಬೈಬಲ್ಲಿನಲ್ಲಿ ಯೋಹಾನ ಅಂತ ಬರುತ್ತಲ್ಲ, ಅವನೇ. ಲ್ಯಾಟಿನ್‌ನಿಂದ ಫ್ರೆಂಚಿಗೆ ಹೋಗಿ, 1169ರಲ್ಲಿ ಫ್ರೆಂಚ್ ಮಾತಾಡೋ ನಾರ್ಮನ್ನರು ದಂಡೆತ್ತಿ ಬಂದ್ರಲ್ಲ, ಆಮೇಲೆ ಅವರ ಜೊತೆ ಇಲ್ಲಿಗೆ ಬಂತು. ಐರಿಷರ ಹತ್ತಿರ ಜೆ ಇಲ್ಲ, ಶ ಮಾಡ್ಕೊಂಡ್ರು. ಅದಕ್ಕೂ ಮುಂಚೆ ಪಾದ್ರಿಗಳು ಲ್ಯಾಟಿನ್‌ನಿಂದ ನೇರವಾಗಿ ತಂದಿದ್ದು ಓವನ್ ಅನ್ನೋ ರೂಪ, ಅದೂ ಯೋಹಾನನೇ. ಷೇಮಸ್ ಅಂದ್ರೆ ಯಾಕೋಬ. ಲಿಯಮ್ ಅಂತೂ ವಿಲಿಯಂ ಹೆಸರಿನ ಬಾಲ ಅಷ್ಟೇ, ಜರ್ಮನ್ ಕಡೆಯದು, ಛಲಕ್ಕೊಂದು ಪದ, ತಲೆಗೆ ಹಾಕೋ ಲೋಹದ ಟೋಪಿಗೊಂದು ಪದ ಸೇರಿದ್ದು. ಷೇಮಸ್‌ದು ಇನ್ನೊಂದು ತಮಾಷೆ. ನಾವು ಕೂಗುವಾಗ ರಾಮ ಹೋಗಿ ರಾಮಾ ಆಗ್ತಾನಲ್ಲ, ಇವರದರಲ್ಲಿ ಹೆಸರಿನ ಮೊದಲ ಅಕ್ಷರವೇ ಬದಲಾಗುತ್ತೆ, ಶ ಹೋಗಿ ಹ. ಪಕ್ಕದ ಸ್ಕಾಟ್ಲೆಂಡಿನಲ್ಲಿ ಹೀಗೆ ಕೂಗಿದ್ದನ್ನ ಇಂಗ್ಲಿಷಿನವರು ಕೇಳಿಸ್ಕೊಂಡು ಅದೇ ಹೆಸರು ಅಂದ್ಕೊಂಡ್ರು, ಹೇಮಿಷ್ ಅಂತ ಹೊಸ ಹೆಸರೇ ಹುಟ್ಟಿತು.

ಪ್ಯಾಟ್ರಿಕ್ ಕೂಡ ಹೊರಗಿನವನೇ. ರೋಮನ್ ಆಳ್ವಿಕೆ ಕಂಡ ಬ್ರಿಟನ್ನಿನ ಹುಡುಗ. ಹದಿನಾರನೇ ವಯಸ್ಸಿಗೆ ದರೋಡೆಕೋರರು ಹೊತ್ಕೊಂಡು ಬಂದು ಇಲ್ಲಿ ದನ ಕುರಿ ಕಾಯೋಕೆ ಹಾಕಿದ್ರು. ಹೆಸರೇನೋ ಲ್ಯಾಟಿನ್, ದೊಡ್ಡ ಮನೆತನದವನು ಅಂತ. ಕಾಯ್ತಿದ್ದಿದ್ದು ಕುರಿ. ನನಗೆ ಇಷ್ಟ ಆಗಿದ್ದು ಇದು: ಅವನು ಸಂತ ಆದ ಮೇಲೆ ನೂರಾರು ವರ್ಷ ಇವರು ಮಕ್ಕಳಿಗೆ ಆ ಹೆಸರು ಇಡೋಕೇ ಹಿಂಜರೀತಿದ್ರು. ಅಷ್ಟು ದೊಡ್ಡವರ ಹೆಸರು, ಗದರೋದು ಬೈಯೋದು ಹೇಗೆ? ಅದಕ್ಕೆ ಗಿಲ್ಲಾ ಫಾದ್ರಿಗ್ ಅಂತಿಡ್ತಿದ್ರು, ಪ್ಯಾಟ್ರಿಕನ ಸೇವಕ ಅಂತ. ನಮ್ಮ ರಾಮದಾಸ, ಹರಿದಾಸ ಇದ್ದ ಹಾಗೆ. ಈಗ ಫಿಟ್ಜ್‌ಪ್ಯಾಟ್ರಿಕ್ ಅನ್ನೋ ಮನೆತನದ ಹೆಸರು ಇದರಿಂದಲೇ ಬಂದಿದ್ದು.

ಹಾಗಾದ್ರೆ ಮಣ್ಣಿನ ಹೆಸರು ಯಾವುದು? ನೀವು ಓದೋಕೆ ತಡವರಿಸೋವೆಲ್ಲ, ಅತ್ತೆ. ಅದರಲ್ಲೂ ಕೆಲವನ್ನ ಬಿಡಿಸಿ ನೋಡಿದ್ರೆ ನಮ್ಮ ಮನೆ ಪದಗಳೇ. ಇವರ ಭಾಷೆಗೂ ಸಂಸ್ಕೃತಕ್ಕೂ ಬೇರು ಒಂದೇ ಅಲ್ವಾ. ರೀ ಅಂದ್ರೆ ರಾಜ. ರುವ ಅಂದ್ರೆ ಕೆಂಪು, ನಮ್ಮ ರುಧಿರ ಇದೆಯಲ್ಲ, ಅದರ ದಾಯಾದಿ. ಎರಡೂ ಸೇರಿದ್ರೆ ರೂರಿ, ಕೆಂಪು ರಾಜ. ಕೂ ಅಂದ್ರೆ ಬೇಟೆನಾಯಿ, ಅದು ನಮ್ಮ ಶ್ವಾನ. ಕಾನರ್ ಅನ್ನೋ ಹೆಸರಲ್ಲಿರೋದು ಅದೇ. ನಾಯಿ ಅಂದ್ರೆ ಬೈಗುಳ ಅಂದ್ಕೋಬೇಡಿ, ಇವರ ಮಹಾವೀರನ ಹೆಸರೇ ಕೂಹುಲನ್, ಕುಲನ್ ಅನ್ನೋ ಕಮ್ಮಾರನ ನಾಯಿ ಅಂತ. ಕಮ್ಮಾರನ ಕಾವಲು ನಾಯಿಯನ್ನ ಹುಡುಗ ಕೊಂದುಬಿಟ್ಟ. ಇನ್ನೊಂದು ಮರಿ ಬೆಳೆಯೋ ತನಕ ನಾನೇ ಕಾವಲಿರ್ತೀನಿ ಅಂದ, ಹೆಸರು ಅಂಟಿತು. ಏಡನ್ ಅಂದ್ರೆ ಪುಟ್ಟ ಬೆಂಕಿ. ಅದಕ್ಕೂ ನಮ್ಮ ಇಂಧನಕ್ಕೂ ಬೇರು ಒಂದೇ. ಗ್ಯಾಸ್ ಸಿಲಿಂಡರ್ ಬಂದಾಗ ನೆನೆಸ್ಕೊಳ್ಳಿ.

ಇಂಥ ಹೆಸರುಗಳು ಮಧ್ಯೆ ಮೂಲೆ ಸೇರಿದ್ದು ಇಂಗ್ಲಿಷರ ಕಾಲದಲ್ಲಿ. 1465ರಲ್ಲೇ ಕಾನೂನು ಮಾಡಿದ್ರು: ಡಬ್ಲಿನ್ ಸುತ್ತ ತಮ್ಮ ಹಿಡಿತದಲ್ಲಿರೋ ಐರಿಷರು ಇಂಗ್ಲಿಷ್ ಮನೆತನದ ಹೆಸರು ಇಟ್ಕೋಬೇಕು, ಊರಿನದೋ, ಬಿಳಿ ಕಪ್ಪು ಅನ್ನೋ ಬಣ್ಣದ್ದೋ, ಕಮ್ಮಾರ ಬಡಗಿ ಅನ್ನೋ ಕಸುಬಿನದೋ. ಸ್ವಂತ ಹೆಸರಿನ ಗತಿಯೂ ಹಾಗೇ ಆಯ್ತು. ಡೀರ್ಮಿಡ್ ಕಾಗದದ ಮೇಲೆ ಜೆರೆಮಾಯಾ ಆದ, ಟೈಗ್ ತಿಮೋತಿ ಆದ. ಅರ್ಥಕ್ಕೂ ಅರ್ಥಕ್ಕೂ ಏನೂ ಸಂಬಂಧ ಇಲ್ಲ, ಅಮೆರಿಕಕ್ಕೆ ಹೋದ ನಮ್ಮ ಕೃಷ್ಣ ಕ್ರಿಸ್ ಆಗೋ ಹಾಗೆ. ನಮ್ಮ ಟೈಗ್ ಅಜ್ಜನ ತಾತನ ಸಮಾಧಿ ಕಲ್ಲಿನ ಮೇಲೆ ತಿಮೋತಿ ಅಂತಲೇ ಇದೆಯಂತೆ, ‘ಮನೆಯಲ್ಲಿ ಯಾರೂ ಹಾಗೆ ಕರೆದವರಲ್ಲ’ ಅಂತಾರೆ. 1893ರಲ್ಲಿ ಭಾಷೆ ಉಳಿಸೋಕೆ ಅಂತ ಗೇಲಿಕ್ ಲೀಗ್ ಶುರುವಾದ ಮೇಲೆ ಹಳೇ ಹೆಸರುಗಳು ಒಂದೊಂದಾಗಿ ವಾಪಸ್ ಬಂದವು. ಹಾಗೆ ವಾಪಸ್ ಬಂದದ್ದರಲ್ಲಿ ನಮ್ಮ ಪಾಪುವಿನದೂ ಒಂದು.

ಓಸ್ ಅಂದ್ರೆ ಜಿಂಕೆ, ‘ಈನ್’ ಅಂದ್ರೆ ಪುಟಾಣಿ. ಓಶೀನ್ ಅಂದ್ರೆ ಜಿಂಕೆಮರಿ. ಕತೆ ನಮ್ಮ ಋಷ್ಯಶೃಂಗನದೇ ಅಂದ್ಕೊಳ್ಳಿ, ಅವನ ಗುಡಿ ನೋಡೋಕೆ ಕಿಗ್ಗಕ್ಕೆ ಹೋಗಿದ್ವಲ್ಲ. ಫಿನ್ ಅನ್ನೋ ಬೇಟೆಗಾರ ವೀರನ ಹೆಂಡತಿ ಸೈವ್‌ಳನ್ನ ಒಬ್ಬ ಮಾಂತ್ರಿಕ ಜಿಂಕೆ ಮಾಡಿ ಒಯ್ದುಬಿಡ್ತಾನೆ. ಏಳು ವರ್ಷ ಹುಡುಕಿದ ಮೇಲೆ ಬೆನ್ ಬುಲ್ಬೆನ್ ಗುಡ್ಡದಲ್ಲಿ ಬೇಟೆನಾಯಿಗಳು ಒಂದು ಹುಡುಗನ ಸುತ್ತ ನಿಂತಿರ್ತಾವೆ, ಕಚ್ಚಲ್ಲ. ಮೈಮೇಲೆ ಬಟ್ಟೆ ಇಲ್ಲ, ಜಿಂಕೆ ಸಾಕಿದ ಮಗು. ಅವನೇ ಓಶೀನ್. ದೊಡ್ಡವನಾಗಿ ಕವಿ ಆಗ್ತಾನೆ. ಮುಂದಿನ ಕತೆಯಲ್ಲಿ ಮುಪ್ಪೇ ಇಲ್ಲದ ಲೋಕಕ್ಕೆ ಹೋಗಿ, ಮುನ್ನೂರು ವರ್ಷ ಕಳೆದು ಬಂದು ಕುದುರೆಯಿಂದ ಬೀಳ್ತಾನೆ, ಆ ಭಾಗ ನಾಮಕರಣಕ್ಕೆ ಬೇಡ ಬಿಡಿ.

ತಾತನ ಹೆಸರು ಇಡಬೇಕಿತ್ತು ಅಂತ ದೊಡ್ಡಮ್ಮ ಕೇಳಿದ್ರಲ್ಲ, ಇಲ್ಲೂ ಅದೇ ಪದ್ಧತಿ. ಮೊದಲ ಗಂಡಿಗೆ ಅಪ್ಪನ ಅಪ್ಪ, ಎರಡನೆಯದಕ್ಕೆ ಅಮ್ಮನ ಅಪ್ಪ. ಬೀಗರ ಹೆಸರು ಶಾನ್. ಅವರೇ ಬೇಡ ಅಂದಿದ್ದು, ಮನೆಯಲ್ಲಿ ಆಗಲೇ ಮೂರು ಜನ ಶಾನ್ ಇದ್ದಾರೆ, ಕೆಂಪು ಶಾನ್, ದೊಡ್ಡ ಶಾನ್, ಅಂಗಡಿ ಶಾನ್. ನಮ್ಮೂರಲ್ಲಿ ಕರಿ ನಿಂಗ, ಮೇಲ್ಮನೆ ನಿಂಗ ಇದ್ದ ಹಾಗೆ.

ಇನ್ನು ನಿಮ್ಮ ಮೃಗಶಿರ. ಅತ್ತೆ, ಜಿಂಕೆ ತಲೆಯ ನಕ್ಷತ್ರದಲ್ಲಿ ಹುಟ್ಟಿದ ಮಗುವಿಗೆ ಜಿಂಕೆಮರಿ ಅಂತ ಹೆಸರು, ಇನ್ನೇನು ಬೇಕು? ಅಕ್ಷರ ‘ವೊ’ ಅಂದ್ರಾ? ನೀವು ಒಂದಕ್ಕೆ ವೊಂದು, ಒಲೆಗೆ ವೊಲೆ ಅಂತ ಹೇಳೋದು ನಾವು ಚಿಕ್ಕವರಿಂದ ಕೇಳ್ತಿಲ್ವಾ? ಹಾಗೇ ಕರೀರಿ, ವೊಶೀನ್. ಪಾದ ಸರಿಹೋಯ್ತು. ತೊಟ್ಟಿಲಿಗೆ ಕಟ್ಟೋ ಬೋರ್ಡಿನಲ್ಲಿ ಹೇಗೆ ಬರೆಸಬೇಕು ಅಂತ ಸಂಜೆಯೊಳಗೆ ಹೇಳಿ, ನನ್ನ ಸ್ಟಾಪ್ ಬಂತು.