ತಮಟೆ ಹಾಡು 148 ಬಿಪಿಎಂ ಅಂತ ತೋರಿಸ್ತಿದೆ, ಸಿಂಕ್ ಕೂರ್ತಾನೇ ಇಲ್ಲ

ಹಾಸನ_ಡೆಕ್: ತಲೆ ಕೆಟ್ಟೋಗಿದೆ. ಶನಿವಾರ ಗಣೇಶನ ವಿಸರ್ಜನೆಗೆ ಡಿಜೆ ಸೆಟ್ ಇದೆ. ಈ ಹಾಡನ್ನ ಸಾಫ್ಟ್‌ವೇರ್‌ನಲ್ಲಿ ಅನಲೈಸ್ ಮಾಡಿದ್ರೆ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಅನ್ನೋದು) 148. ಎರಡು ಹಾಡಿನ ಬೀಟ್ ಕೂಡಿಸೋ ಸಿಂಕ್ ಬಟನ್ ಒತ್ತಿ ಇನ್ನೊಂದು 148ರ ಹಾಡು ಜೊತೆಗೆ ಬಿಟ್ರೆ ಎರಡೂ ಒದ್ದಾಡ್ತವೆ. ಯಾಕೆ?

ಬಾಸ್‌ಬಿನ್: ಡಬಲ್ ಓದಿದೆ. ಅರ್ಧ ಮಾಡಿ, 74.

ಹಾಸನ_ಡೆಕ್: 74ಕ್ಕೂ ಕೂರಲ್ಲ.

ಬಾಸ್‌ಬಿನ್: ಕೂರಲೇಬೇಕು. ಡ್ರಮ್ ಆಂಡ್ ಬೇಸ್ 174 ಇದ್ದದ್ದು 87 ಅಂತ ಬರುತ್ತಲ್ಲ, ಅದೇ ಕಥೆ ಇದು. ಗ್ರಿಡ್, ಅಂದ್ರೆ ಸಾಫ್ಟ್‌ವೇರ್ ಹಾಕಿರೋ ಬೀಟ್ ಗೆರೆಗಳನ್ನ, ಮೊದಲ ಪೆಟ್ಟಿನ ಮೇಲೆ ಎಳೆದು ಮತ್ತೆ ಅರ್ಧ ಮಾಡಿ.

ವಿನೈಲ್_ಮಾವ: ಸಿಂಕ್ ಬಟನ್ ಮುಟ್ಟೋದನ್ನೇ ಬಿಡಿ. ನಮ್ಮನೇಲಿ ಎರಡು ಟೆಕ್ನಿಕ್ಸ್ 1200 ಟರ್ನ್‌ಟೇಬಲ್ ಇವೆ. ವೇಗ ಬದಲಿಸೋ ಪಿಚ್ ±8%, ಕಿವಿ ಇದ್ರೆ ಸಾಕು.

ಬಾಸ್‌ಬಿನ್: ವಿಸರ್ಜನೆ ಗಾಡಿ ಮೇಲೆ ಟರ್ನ್‌ಟೇಬಲ್ ಇಟ್ರೆ ಸೂಜಿ ನಿಲ್ಲುತ್ತಾ?

ಉರುಮೆ_ಹುಡುಗ: ಯಾವ ಸಾಫ್ಟ್‌ವೇರ್? ರೆಕಾರ್ಡಿಂಗ್ ಎಲ್ಲಿಂದ?

ಹಾಸನ_ಡೆಕ್: ಮೂರು ಎಕ್ಸ್ ಇರೋ ಮಿಕ್ಸ್ (Mixxx). ಹಳೇ ಕ್ಯಾಸೆಟ್‌ನಿಂದ ಎತ್ತಿದ್ದು, ತಮಟೆ ಲೈವ್ ಬಾರಿಸಿರೋದು.

ಉರುಮೆ_ಹುಡುಗ: ಹಾಡು ತಿಶ್ರ ನಡೆ ಇರಬೇಕು, 6/8. ಹೆಜ್ಜೆಗೆ ಮೂರು ಪೆಟ್ಟು, ತಕಿಟ ತಕಿಟ. ಸಾಫ್ಟ್‌ವೇರ್ ಎರಡು ಪೆಟ್ಟಿಗೊಂದು ಬೀಟ್ ಹಾಕ್ತಿದೆ. ನಿಮಿಷಕ್ಕೆ 296 ಪೆಟ್ಟು. ಎರಡರಿಂದ ಭಾಗಿಸಿದ್ರೆ 148, ಮೂರರಿಂದ 98.67. ಅದಕ್ಕೇ ಅರ್ಧ ಮಾಡಿದ್ರೂ ಕೂರಲ್ಲ. ಸ್ಟಾಪ್‌ವಾಚ್ ಹಿಡಿದು ಕುಣಿಯೋ ಹೆಜ್ಜೆ ಎಣಿಸಿ. ಮೊದಲ ಹೆಜ್ಜೆಗೆ ಸೊನ್ನೆ ಅನ್ನಿ, 32ಕ್ಕೆ ನಿಲ್ಲಿಸಿ. 1920ನ್ನ ಆ ಸೆಕೆಂಡಿನಿಂದ ಭಾಗಿಸಿದ್ರೆ ಬಿಪಿಎಂ. ಹತ್ತೊಂಬತ್ತೂವರೆ ಸೆಕೆಂಡ್ ಬಂದ್ರೆ ಹಾಡಿನ ಮೇಲೆ ರೈಟ್ ಕ್ಲಿಕ್, ಬಿಪಿಎಂ ಮೆನುವಿನಲ್ಲಿ 2/3 ಒತ್ತಿ.

ಹಾಸನ_ಡೆಕ್: ಹತ್ತೊಂಬತ್ತೂವರೆನೇ ಬಂತು ಗುರುವೇ! ಪಲ್ಲವಿ ಕೂತ್ಕೊಳ್ತು. ಎರಡನೇ ಚರಣದಲ್ಲಿ ಮಾತ್ರ ಗ್ರಿಡ್ ಹಿಂದೆ ಬೀಳುತ್ತೆ.

ಬಾಸ್‌ಬಿನ್: ಕ್ಯಾಸೆಟ್ ಬೆಲ್ಟ್ ಸಡಿಲ.

ಉರುಮೆ_ಹುಡುಗ: ಬೆಲ್ಟ್ ಆಗಿದ್ರೆ ದನಿಯ ಶ್ರುತಿನೂ ಅಲುಗಾಡ್ಬೇಕಿತ್ತು. ತಮಟೆಯವರು ಹುರುಪು ಬಂದಂಗೆ ಓಡಿಸ್ತಾರೆ, ಅವರ ಮುಂದೆ ತಾಳ ಹಿಡಿಯೋ ಕ್ಲಿಕ್ ಸದ್ದು ಇರಲ್ಲ. ಸೆಟ್ಟಿಂಗ್ಸ್‌ನಲ್ಲಿ ಟೆಂಪೋ ಸ್ಥಿರ ಅನ್ನೋ ಟಿಕ್ ತೆಗೆದು ಮತ್ತೆ ಅನಲೈಸ್ ಮಾಡಿ. ಟೈಮ್ ಇಲ್ದಿದ್ರೆ ಪಲ್ಲವಿಯಲ್ಲೇ 16 ಬೀಟ್ ಲೂಪ್ ಹಾಕಿ ಅಲ್ಲಿಂದಲೇ ಹೊರಬನ್ನಿ. ಇನ್ನೊಂದು ಮಾತು: 99ರ 4/4 ಹಾಡು ತಂದ್ರೆ ಕಿಕ್ ಕೂಡುತ್ತೆ, ಆದರೆ ಮೂರರ ಪೆಟ್ಟಿಗೂ ನಾಲ್ಕರ ಹೈ-ಹ್ಯಾಟಿಗೂ ತಿಕ್ಕಾಟ. ಮುಂದಿನ ಹಾಡೂ ತಿಶ್ರದ್ದೇ ಇರಲಿ.

ವಿನೈಲ್_ಮಾವ: ನನ್ನ 1200ಗಳಿಗೆ ಹೊಸ ಕಾರ್ಟ್ರಿಜ್ ಹಾಕಿಸಿದೀನಿ. ಫೋಟೋ ಹಾಕ್ಲಾ?

ಹಾಸನ_ಡೆಕ್: ಟಿಕ್ ತೆಗೆದು ಮತ್ತೆ ಅನಲೈಸ್ ಮಾಡಿದೆ, ತಿರುಗಿ 148ರ ಹತ್ತಿರಾನೇ ಬಂತು. ಈಗ 2/3 ಒತ್ತಿ ಬಿಪಿಎಂ ಲಾಕ್ ಮಾಡಿದ್ರೆ ಗ್ರಿಡ್ ಉಳಿಯುತ್ತಾ? ಯಾರಾದ್ರೂ ಶನಿವಾರದೊಳಗೆ ಹೇಳಿ.