ಗೀಸರ್ ಹೊಗೆ ಒಳಕ್ಕೇ ಬರ್ತಿದೆ, ಬೀಮಲ್ಲಿ ಬಿರುಕೂ ಇದೆ

ಮಣ್ಣುಗಾರೆ: ಕೊಳ್ಳಬೇಕೆಂದಿರೋ ಮನೆ ತಪಾಸಣೆ ನಡೀತಿದೆ. ಗ್ಯಾಸ್ ಗೀಸರ್ ಹೊತ್ತಿಸಿದ್ರೆ ಹೊಗೆ ಹುಡ್ (ಗೀಸರ್ ಮೇಲೆ ಹೊಗೆ ಹಿಡಿದು ಪೈಪಿಗೆ ಬಿಡೋ ಟೋಪಿ) ಬಾಯಿಂದಲೇ ವಾಪಸ್ ಬರುತ್ತೆ. ಹೊಗೆ ಪೈಪ್ ಬಿಚ್ಚಿ ಶುಚಿ ಮಾಡಿಸಿದ್ದಾಯ್ತು, ಬರ್ನರ್ ಸರ್ವೀಸೂ ಆಯ್ತು. ಏನೂ ಪ್ರಯೋಜನ ಇಲ್ಲ. ಬೀಮಲ್ಲಿ ಬಿರುಕಿದೆ, ಬರೀ ಪ್ಲಾಸ್ಟರ್‌ದು ಅಂತಾರೆ ಮಾರೋರು. ತಲೆ ಕೆಟ್ಟುಹೋಗಿದೆ.

ನೀರ್ಮಟ್ಟ: ಪೈಪ್ ಓಟ ನೋಡಿ. ಅಡಿಗೆ ಕಾಲಿಂಚಾದ್ರೂ ಏರುತ್ತಾ ಹೋಗ್ಬೇಕು. ನಡುವೆ ಜೋತುಬಿದ್ರೆ ಹೊಗೆಯ ಆವಿ ತಣಿದು ನೀರು ನಿಂತು ತುಕ್ಕು ತಿನ್ನುತ್ತೆ. ಜಾಯಿಂಟಿಗೆ 3 ಸ್ಕ್ರೂ ಇದ್ಯಾ?

ಮಣ್ಣುಗಾರೆ: ಏರಿದೆ. ಸ್ಕ್ರೂನೂ ಇದೆ.

ನೀರ್ಮಟ್ಟ: ಲೆವೆಲ್ ಇಟ್ಟು ನೋಡಿದ್ರೋ, ಕಣ್ಣಂದಾಜೋ? ಎಲ್ಬೋ (ಪೈಪಿನ ತಿರುವು) ಎಷ್ಟು? ಫೋಟೋ ಹಾಕಿ.

ಒಲೆಗೂಡು: ಎಲ್ಬೋ ಬಿಡಿ ಸಾರ್. ಎಕ್ಸಾಸ್ಟ್ ಫ್ಯಾನ್ ಓಡ್ತಿತ್ತಾ? ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ಎಲ್ಲಾ ಹಾಕಿ, ಗೀಸರ್ ಹೊತ್ತಿಸಿ 5 ನಿಮಿಷ ಬಿಟ್ಟು ಹುಡ್ ಅಂಚಿಗೆ ಊದುಬತ್ತಿ ಹಿಡೀರಿ. ಹೊಗೆಯನ್ನ ಹುಡ್ ಎಳ್ಕೊಂಡ್ರೆ ಸರಿ. ಈಚೆ ತಳ್ಳಿದ್ರೆ ಒಂದೊಂದೇ ಫ್ಯಾನ್ ಆರಿಸ್ತಾ ಬನ್ನಿ.

ತಂತಿಬಲೆ: ಊದುಬತ್ತಿ ನಂಬ್ಕೊಂಡು ಕೂತ್ರೆ ಆಯ್ತು ಕಥೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮೀಟರೇ ಬೇಕು.

ಒಲೆಗೂಡು: ಮೀಟರ್ ವಿಷ ಇದೆ ಅನ್ನುತ್ತೆ, ಎಳೀತಿರೋ ಫ್ಯಾನ್ ಯಾವ್ದು ಅನ್ನಲ್ಲ. ಕೈಲಿ ಮೀಟರೂ ಇರ್ಲಿ, ಅದು ಕೂಗಿದ ತಕ್ಷಣ ಗೀಸರ್ ಆರಿಸಿ ಹೊರಗೆ ನಡೀರಿ.

ಮಣ್ಣುಗಾರೆ: ಅಡುಗೆಮನೆ ಚಿಮ್ನಿ ಆರಿಸಿದ್ರೆ ಹೊಗೆ ಸರಿಯಾಗಿ ಹೋಗ್ತಿದೆ! ಅದು ಓಡ್ತಾನೇ ಇರುತ್ತಲ್ಲ ಯಾವಾಗ್ಲೂ.

ಒಲೆಗೂಡು: ಅದೇ. ಚಿಮ್ನಿ ಹೊರಗೆ ಹಾಕೋ ಗಾಳಿಗೆ ಬದಲಿ ಗಾಳಿ ಗೀಸರ್ ಪೈಪಿಂದ ಇಳೀತಿದೆ. ಮುಚ್ಚೋಕಾಗದ ಜಾಲರಿ ಕಿಂಡಿ ಕೊಡಿಸಿ, ಇಲ್ಲಾ ಗೀಸರನ್ನೇ ಹೊರಗಿಡಿ. ಕಿಟಕಿ ತೆರೆದಿಡ್ತೀವಿ ಅಂದ್ರೆ ನಡೆಯಲ್ಲ, ಚಳಿಗೆ ಮುಚ್ಚೇ ಮುಚ್ತೀರಿ.

ಕಂಬಗಣ್ಣು: ಬೀಮ್ ಬಗ್ಗೆ ಯಾರೂ ಕೇಳ್ತಿಲ್ವಲ್ಲ! ಬಿರುಕು ನೆಟ್ಟಗೋ, ಓರೆಯೋ? ನಡುವಲ್ಲೋ, ಕಂಬದ ಹತ್ರವೋ?

ಮಣ್ಣುಗಾರೆ: ಓರೆ. ಕಂಬದಿಂದ ಒಂದು ಗೇಣು. ಗೀಸರ್ ಪೈಪ್ ತೂತಿನ ಅಂಚಿಂದ ಶುರು.

ಕಂಬಗಣ್ಣು: ಬೀಮಲ್ಲೇ ತೂತಾ?! ನಡುವೆ ಕೆಳಗಡೆ ಕೂದಲೆಳೆ ನೆಟ್ಟಗೆ ಬಿರುಕಿದ್ರೆ ಸಾಮಾನ್ಯವಾಗಿ ಅದು ಬೀಮ್ ಬಾಗಿದ್ದಕ್ಕೆ ಬಂದಿರುತ್ತೆ. ಕಂಬದ ಹತ್ರ ಓರೆ ಬಂದ್ರೆ ಶಿಯರ್ (ಭಾರಕ್ಕೆ ಬೀಮ್ ಓರೆಯಾಗಿ ಸೀಳೋದು), ಅದು ಮುನ್ಸೂಚನೆ ಇಲ್ಲದೆ ಮುರಿಯುತ್ತೆ. ಅಂಗೈ ಅಗಲ ಪ್ಲಾಸ್ಟರ್ ಕೆತ್ತಿಸಿ, ಬಿರುಕು ಕಾಂಕ್ರೀಟಲ್ಲೂ ಇದ್ಯಾ ನೋಡಿ. ತೂತಿನೊಳಗೆ ಟಾರ್ಚ್ ಬಿಡಿ, ಕಡಿದ ರಿಂಗ್ (ಬೀಮೊಳಗೆ ಉದ್ದದ ಸರಳುಗಳನ್ನ ಸುತ್ತೋ ಕಬ್ಬಿಣದ ಬಳೆ) ತುದಿ ಕಾಣುತ್ತಾ?

ಮಣ್ಣುಗಾರೆ: ಕಾಂಕ್ರೀಟಲ್ಲೂ ಇದೆ. ತುಕ್ಕು ಹಿಡಿದ ತುದಿ ಎರಡು ಕಾಣ್ತಿದೆ.

ತಂತಿಬಲೆ: ಬಿರುಕೊಳಗೆ ಎಪಾಕ್ಸಿ ಅಂಟು ಇಂಜೆಕ್ಷನ್ ಮಾಡಿಸಿದ್ರೆ ಮುಗೀತು.

ಕಂಬಗಣ್ಣು: ಎಪಾಕ್ಸಿ ಕಾಂಕ್ರೀಟ್ ಬೆಸೆಯುತ್ತೆ, ಕಡಿದ ರಿಂಗನ್ನಲ್ಲ. ಬೀಮ್ ಕೆಳಗೆ ಇವತ್ತೇ ಪ್ರಾಪ್ (ತಾತ್ಕಾಲಿಕ ಆಧಾರದ ಕಂಬ) ಕೊಡಿಸೋಕೆ ಹೇಳಿ. ಸ್ಟ್ರಕ್ಚರಲ್ ಇಂಜಿನಿಯರ್ ವರದಿ ಕೈಗೆ ಬರೋತನಕ ಅಡ್ವಾನ್ಸ್ ಕೊಡ್ಬೇಡಿ.

ನೀರ್ಮಟ್ಟ: ಪೈಪ್ ಫೋಟೋ ಇನ್ನೂ ಬಂದಿಲ್ಲ.