ಇಂಗ್ಲೆಂಡಿನ ಪ್ರೌಢಶಾಲೆಯಲ್ಲಿ ಸೆಪ್ಟೆಂಬರ್ ಆರಂಭ: ಮೊದಲೆರಡು ವಾರ ಯಾವುದಕ್ಕೆ ಒತ್ತು ಕೊಡಬೇಕು?

ದಾವಣಗೆರೆಯ ಗಣಿತ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಹಲವು ವರ್ಷ ಗಣಿತ ಕಲಿಸಿದ ನಾನು, ಭಾರತದಲ್ಲಿ ತರಬೇತಿ ಪಡೆದ ಗಣಿತ, ವಿಜ್ಞಾನ ಮತ್ತು ಭಾಷಾ ಶಿಕ್ಷಕರಿಗೆ ಇಂಗ್ಲೆಂಡ್ 2023ರಲ್ಲಿ ತೆರೆದ ಮಾರ್ಗದ ಮೂಲಕ ಕ್ಯೂಟಿಎಸ್ (ಇಂಗ್ಲೆಂಡಿನ ಅಧಿಕೃತ ಶಿಕ್ಷಕ ಅರ್ಹತೆ) ಪಡೆದು, ಬರುವ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ಶಾಲೆಯೊಂದನ್ನು ಸೇರಲಿದ್ದೇನೆ. ನಮ್ಮಲ್ಲಿ ಜೂನ್ ಬಂತೆಂದರೆ ಸೇತುಬಂಧದಿಂದ (ಮಕ್ಕಳ ಹಿಂದಿನ ಕಲಿಕೆಯನ್ನು ಅಳೆದು ಕೊರತೆ ತುಂಬುವ ಕಾರ್ಯಕ್ರಮದಿಂದ) ಆರಂಭಿಸಿ ಪಾಠಕ್ಕೆ ಇಳಿಯುವುದು ರೂಢಿ. ಆದರೆ ಹೊಸ ಶಾಲೆಯವರು ಕಳುಹಿಸಿದ ಕಾಗದಪತ್ರಗಳಲ್ಲಿ ಪಾಠಕ್ಕಿಂತ ಮಕ್ಕಳ ವರ್ತನೆಯ ನಿಯಮಗಳೇ ಹೆಚ್ಚಾಗಿವೆ. ನನಗೆ ಹೆಚ್ಚಾಗಿ ಇಯರ್ 7ರ, ಅಂದರೆ ಹನ್ನೊಂದು ವರ್ಷದ ಮಕ್ಕಳ ತರಗತಿಗಳು ಸಿಕ್ಕಿವೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಲೆಸ್ಟರ್‌ನಿಂದ ಒಬ್ಬ ಶಿಕ್ಷಕ:

ಮೇಡಂ, ಆ ನಿಯಮಾವಳಿಯನ್ನು ಹಗುರವಾಗಿ ಕಾಣಬೇಡಿ. ಶಿಕ್ಷಕರಿಗೆ ವರ್ಷಕ್ಕೆ 195 ಕೆಲಸದ ದಿನಗಳಿದ್ದು, ಅವುಗಳಲ್ಲಿ ಐದು ಮಕ್ಕಳಿಲ್ಲದ ಇನ್‌ಸೆಟ್ (ಸಿಬ್ಬಂದಿ ತರಬೇತಿ) ದಿನಗಳು. ಒಂದೆರಡು ಸಾಮಾನ್ಯವಾಗಿ ಸೆಪ್ಟೆಂಬರ್ ಆರಂಭದಲ್ಲೇ ಬರುತ್ತವೆ. ಎಚ್ಚರಿಕೆ ಕೊಟ್ಟ ಮೇಲೂ ಮಗು ಮಾತು ನಿಲ್ಲಿಸದಿದ್ದರೆ ಮುಂದಿನ ಹೆಜ್ಜೆ ಯಾವುದು, ಅದನ್ನು ಕಂಪ್ಯೂಟರ್‌ನಲ್ಲಿ ಎಲ್ಲಿ ದಾಖಲಿಸಬೇಕು, ಯಾರನ್ನು ಕರೆಯಬೇಕು ಎಂಬುದನ್ನು ಆ ದಿನಗಳಲ್ಲೇ ವಿಭಾಗದ ಮುಖ್ಯಸ್ಥರಿಂದ ಕೇಳಿ ತಿಳಿದುಕೊಳ್ಳಿ. ಮೊದಲ ತರಗತಿಗೆ ಬಾಗಿಲಲ್ಲೇ ನಿಂತು, ಯಾರು ಎಲ್ಲಿ ಕೂರಬೇಕೆಂಬ ನಕ್ಷೆಯನ್ನು ಕೈಯಲ್ಲಿ ಹಿಡಿದು ಒಬ್ಬೊಬ್ಬರನ್ನೇ ಹೆಸರು ಕೇಳಿ ಒಳಗೆ ಕಳುಹಿಸಿ. ಅವರು ಕೂರುವ ಹೊತ್ತಿಗೆ ಬೋರ್ಡಿನ ಮೇಲೆ ನಾಲ್ಕು ಸುಲಭ ಲೆಕ್ಕಗಳಿರಲಿ. ಅವರು ಬಿಡಿಸುತ್ತಿರುವಾಗ ನೀವು ಹಾಜರಿ ಮುಗಿಸಬಹುದು. ನಮ್ಮೂರಿನಂತೆ ಮೇಡಂ ಒಳಗೆ ಬಂದೊಡನೆ ತರಗತಿ ತಾನಾಗಿ ಎದ್ದು ನಿಲ್ಲುತ್ತದೆಂದು ನೆಚ್ಚಿಕೊಳ್ಳಬೇಡಿ.

ರೆಡಿಂಗ್‌ನ ಕನ್ನಡತಿ:

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಮೊದಲ ವಾರವೆಲ್ಲ ನಿಯಮ ಓದುವುದರಲ್ಲೇ ಕಳೆದುಹೋದರೆ ಮಕ್ಕಳಿಗೆ ಬೇಸರ ಬರುತ್ತದೆ. ಆರು ಬೇರೆ ಬೇರೆ ಶಿಕ್ಷಕರಿಂದ ಅವರು ಅದನ್ನೇ ಕೇಳಿರುತ್ತಾರೆ! ಇಯರ್ 7ಕ್ಕೆ ಬರುವ ಮಕ್ಕಳು ಹಿಂದಿನ ಮೇ ತಿಂಗಳಲ್ಲಿ ಪ್ರಾಥಮಿಕ ಶಾಲೆಯ ಕೊನೆಯ ರಾಷ್ಟ್ರೀಯ ಪರೀಕ್ಷೆ ಬರೆದಿರುತ್ತಾರೆ. ಅದರಲ್ಲಿ 100 ಅಂಕವೆಂದರೆ ನೂರಕ್ಕೆ ನೂರಲ್ಲ, ನಿರೀಕ್ಷಿತ ಮಟ್ಟ ಮುಟ್ಟಿದಂತೆ. ಆ ಪಟ್ಟಿಯನ್ನು ಕೇಳಿ ಪಡೆಯಿರಿ, ನಿಮ್ಮ ಸೇತುಬಂಧದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಬರವಣಿಗೆಯ ರೂಢಿಗಳನ್ನು ಮಾತ್ರ ಈಗಲೇ ಬದಲಿಸಿಕೊಳ್ಳಿ. ಕೈ ತಾನಾಗಿ 2,50,000 ಎಂದು ಬರೆದುಬಿಡುತ್ತದೆ. ಅಲ್ಲಿ ಅದು 250,000. ಭಾಗಲಬ್ಧವನ್ನು ಬಲಬದಿಗೆ ಬರೆಯುವ ನಮ್ಮ ಕ್ರಮ ಆ ಮಕ್ಕಳಿಗೆ ಗೊತ್ತಿಲ್ಲ. ಭಾಜ್ಯದ ಮೇಲೆ ಗೆರೆ ಎಳೆದು ಉತ್ತರವನ್ನು ಗೆರೆಯ ಮೇಲೆ ಬರೆಯುವುದನ್ನು ಅವರು ಬಸ್ ಸ್ಟಾಪ್ ವಿಧಾನ ಎನ್ನುತ್ತಾರೆ. ಲೆಕ್ಕದಲ್ಲಿ ಯಾವ ಕ್ರಿಯೆ ಮೊದಲು ಎಂಬುದನ್ನು ನೆನಪಿಡುವ ನಮ್ಮ ಬಾಡ್‌ಮಾಸ್ ಅಲ್ಲಿ ಹೆಚ್ಚಾಗಿ ಬಿಡ್‌ಮಾಸ್. ಇವು ಸಣ್ಣ ಸಂಗತಿಗಳೇ, ಆದರೂ ಮೊದಲ ದಿನ ಬೋರ್ಡಿನ ಮುಂದೆ ತಡವರಿಸುವಂತೆ ಮಾಡುವುದು ಇವೇ.

ಲೆಸ್ಟರ್‌ನಿಂದ ಒಬ್ಬ ಶಿಕ್ಷಕ:

ಒಂದು ಮುಖ್ಯ ವಿಷಯ ಬಿಟ್ಟುಹೋಯಿತು. ಮಕ್ಕಳ ಸುರಕ್ಷತೆ ಕುರಿತ ಸರ್ಕಾರಿ ಮಾರ್ಗಸೂಚಿಯನ್ನು ಓದಿದ್ದೇನೆಂದು ಸಿಬ್ಬಂದಿಯಿಂದ ಸಹಿ ಪಡೆಯುತ್ತಾರೆ. ನಿಜವಾಗಿಯೂ ಓದಿಯೇ ಸಹಿ ಮಾಡಿ. ಮಗುವೊಂದು ಬಳಿಗೆ ಬಂದು, ಮನೆಯಲ್ಲಿ ಹೀಗಾಗುತ್ತಿದೆ, ಯಾರಿಗೂ ಹೇಳಬೇಡಿ ಮಿಸ್ ಎಂದರೆ, ಹೇಳುವುದಿಲ್ಲವೆಂದು ಮಾತು ಕೊಡುವಂತಿಲ್ಲ. ಸಮಾಧಾನದಿಂದ ಕೇಳಿಸಿಕೊಂಡು, ಕೆದಕಿ ಪ್ರಶ್ನಿಸದೆ, ಮಗು ಆಡಿದ ಮಾತುಗಳನ್ನೇ ಬರೆದು, ಸುರಕ್ಷತೆಯ ಹೊಣೆ ಹೊತ್ತ ಅಧಿಕಾರಿಗೆ ತಡಮಾಡದೆ ತಿಳಿಸಬೇಕು.

ದಾವಣಗೆರೆಯ ಗಣಿತ ಶಿಕ್ಷಕಿ:

ಇಬ್ಬರಿಗೂ ಧನ್ಯವಾದಗಳು. ನನ್ನ ಒಂದು ತರಗತಿಯಲ್ಲಿ ಪಾಠದ ವೇಳೆ ಮಕ್ಕಳಿಗೆ ನೆರವಾಗುವ ಬೋಧನಾ ಸಹಾಯಕಿಯೂ ಇರುತ್ತಾರಂತೆ. ಅವರಿಗೆ ಏನು ಕೆಲಸ ಹೇಳಬೇಕೆಂದೇ ತೋಚುತ್ತಿಲ್ಲ.

ರೆಡಿಂಗ್‌ನ ಕನ್ನಡತಿ:

ವಿಶೇಷ ನೆರವು ಬೇಕಾದ ಮಗುವೊಂದಕ್ಕಾಗಿಯೇ ಅವರನ್ನು ಕಳುಹಿಸಿರಬಹುದು, ಆದ್ದರಿಂದ ಮೊದಲು ಅದನ್ನು ವಿಚಾರಿಸಿ. ಪಾಠದ ಹಾಳೆಯನ್ನು ಹಿಂದಿನ ದಿನವೇ ಅವರ ಕೈಗೆ ಕೊಡಿ; ಆ ಮಗುವಿಗೆ ಯಾವುದು ಹಿಡಿಸುತ್ತದೆ, ಯಾವುದರಿಂದ ಗಾಬರಿಯಾಗುತ್ತದೆ ಎಂಬುದನ್ನು ನಿಮಗಿಂತ ಅವರೇ ಚೆನ್ನಾಗಿ ಬಲ್ಲರು.